ಮೋರಖಂಡಿಯಿಂದ ನೇರ ಉತ್ತರಕ್ಕೆ

ಬಸವಕಲ್ಯಾಣ-ಹುಮನಾಬಾದ್ ಸೀಮೆಯ ಮೋರಖಂಡಿ 77 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿದೆ. ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಆ ಜಾಗಕ್ಕೆ ಬೆರಳಿಟ್ಟು, ಎಡಕ್ಕೂ ಬಲಕ್ಕೂ ವಾಲದಂತೆ ಮೇಲಕ್ಕೆ ಸರಿಸುತ್ತ ಹೋಗಬೇಕು. ದಿಲ್ಲಿಯ ಅಂಚು ಸಿಗುತ್ತದೆ. ಲಡಾಖಿನ ಲೇಹ್ ಪಟ್ಟಣ ಬಲಗಡೆ ತುಸುವೇ ದೂರದಲ್ಲಿ ಉಳಿಯುತ್ತದೆ. ಸಿಯಾಚಿನ್ ಹಿಮನದಿ ದಾಟಿದರೆ ಚೀನಾದ ಯಾರ್ಕಂದ್, ಅದನ್ನು ದಾಟಿದರೆ ಕಿರ್ಗಿಸ್ತಾನದ ಇಸ್ಸಿಕ್‌ಕುಲ್ ಸರೋವರ, ಆಮೇಲೆ ಕಜಾಕ್‌ಸ್ತಾನದ ಅಲ್ಮಾಟಿ ನಗರ. ಇನ್ನೂ ಮೇಲೆ ಇರ್ತಿಶ್ ನದಿಯ ದಂಡೆಯ ಪವ್ಲೊದಾರ್ ಪಟ್ಟಣ. ಬಸವಕಲ್ಯಾಣ, ಅಲ್ಮಾಟಿ, ಪವ್ಲೊದಾರ್ ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ. ಅಲ್ಲಿಂದಾಚೆ ಸೈಬೀರಿಯಾದ ವಸ್ಯುಗಾನ್ ಜೌಗು, ಓಬ್ ನದಿ, ಪೈನ್ ಮತ್ತು ಬರ್ಚ್ ಮರಗಳ ತೈಗಾ ಕಾಡು. ಕೊನೆಗೆ ಮರವೇ ಇಲ್ಲದ ಗಿಡಾನ್ ಪರ್ಯಾಯದ್ವೀಪ. ಅದರಾಚೆ ವರ್ಷದ ಬಹುಪಾಲು ಹೆಪ್ಪುಗಟ್ಟಿರುವ ಕಾರಾ ಸಮುದ್ರ. ಮೋರಖಂಡಿಯಿಂದ ಅಲ್ಲಿಗೆ ಸುಮಾರು 6,000 ಕಿಲೋಮೀಟರ್.

ಉತ್ತರದ ನಿರ್ಜನ ನೆಲದಲ್ಲಿ ವನ್ಯಜೀವಿ ನೋಡುವ ಆಸೆ ಇಂದು ಅನೇಕರಿಗಿದೆ. ಹಣ ಹೊಂದಿಸಿಕೊಂಡು ಲಡಾಖಿಗೆ, ಮಂಗೋಲಿಯಾಕ್ಕೆ, ಆರ್ಕ್‌ಟಿಕ್ ವೃತ್ತದವರೆಗೂ ಕನ್ನಡಿಗರು ಹೋಗಿಬರುತ್ತಿದ್ದಾರೆ. ಅದೇ ಆಸೆಯುಳ್ಳವರು ಕರ್ನಾಟಕದ ಉತ್ತರ ತುದಿಗೆ, ಬೀದರ್ ಜಿಲ್ಲೆಯ ಒಂದು ಮಡ್ಡಿಗೆ ಬಂದು ನೋಡಿದ್ದು ಕಡಿಮೆ. ಬೆಂಗಳೂರಿನಿಂದ ಬಸವಕಲ್ಯಾಣಕ್ಕೆ ಸುಮಾರು 700 ಕಿಲೋಮೀಟರ್. 2017ರ ಅಕ್ಟೋಬರಿನಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ಹುಮನಾಬಾದಿಗೂ ರೈಲಿದೆ. ಹೈದರಾಬಾದ್-ಸೋಲಾಪುರ-ಪುಣೆ ಹೆದ್ದಾರಿಯಂತೂ ಈ ಸೀಮೆಯ ನಡುವೆಯೇ ಹಾದುಹೋಗುತ್ತದೆ. ದಾರಿ ಸುಲಭ. ನೋಡಬೇಕಾದ ಪ್ರಾಣಿಗಳು ಮಾತ್ರ ಬಹುದೂರದಿಂದ ಬರುತ್ತವೆ.

ನವೆಂಬರ್ ಹೊತ್ತಿಗೆ ಈ ನೆಲದ ಬಣ್ಣ ಬದಲಾಗಿರುತ್ತದೆ. ಮುಂಗಾರಿಯ ಉದ್ದು, ಹೆಸರು, ಸೋಯಾ ರಾಶಿಯಾಗಿ ಹೋಗಿರುತ್ತವೆ. ತೊಗರಿ ಹೂವಿಗೆ ಬಂದಿರುತ್ತದೆ, ಎರೆ ಹೊಲದಲ್ಲಿ ಹಿಂಗಾರಿ ಜೋಳ ಮತ್ತು ಕಡಲೆ ಮೊಳೆತಿರುತ್ತವೆ. ಎರೆಯ ನಡುನಡುವೆ ಎದ್ದಿರುವ ಕೆಂಪು ಜಂಬಿಟ್ಟಿಗೆಯ ಮಡ್ಡಿಗಳ ಮೇಲೆ ಮಳೆಗಾಲದಲ್ಲಿ ಬೆಳೆದ ಹುಲ್ಲು ಒಣಗಿ ಕರಡವಾಗಿ, ಮೊಣಕಾಲೆತ್ತರಕ್ಕೆ ನಿಂತಿರುತ್ತದೆ. ಆ ಹುಲ್ಲಿನ ತುದಿ ತಾಗುವಷ್ಟು ಕೆಳಗೆ, ಉದ್ದ ರೆಕ್ಕೆಗಳನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಎತ್ತಿ ಹಿಡಿದು, ಅತ್ತಿತ್ತ ವಾಲುತ್ತ ಒಂದು ತೆಳ್ಳನೆಯ ಬೇಟೆಹಕ್ಕಿ ಬರುತ್ತದೆ. ಅದು ಹ್ಯಾರಿಯರ್. ಕನ್ನಡದ ಪಕ್ಷಿವೀಕ್ಷಕರು ಅದನ್ನು ಸೆಳೆವ ಎನ್ನುತ್ತಾರೆ.

ಗಂಡು ಬೂದು ಬಿಳಿ, ರೆಕ್ಕೆಯ ತುದಿಗೆ ಮಸಿ ಬಳಿದಂತೆ ಕಪ್ಪು. ಹೆಣ್ಣು ಮಾಸಲು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ದಖ್ಖನಿನ ಒಣ ಬಯಲಿಗೆ ಮುಖ್ಯವಾಗಿ ಬರುವವು ಮಾಂಟೆಗು ಸೆಳೆವ ಮತ್ತು ಮಾಸಲು ಸೆಳೆವ. ಗಂಡು ಮಾಂಟೆಗು 300 ಗ್ರಾಂ ಕೂಡ ತೂಗುವುದಿಲ್ಲ, ಹೆಣ್ಣು ತುಸು ಭಾರ. ಮುಖದ ಸುತ್ತ ಗೂಬೆಗಿರುವಂತಹ ಗರಿಗಳ ತಟ್ಟೆಯಿದೆ. ಅದು ಸದ್ದನ್ನು ಕಿವಿಯತ್ತ ಕೂಡಿಸುತ್ತದೆ, ಹಾಗಾಗಿ ಹುಲ್ಲಿನೊಳಗೆ ಇಲಿ ಸರಿದಾಡಿದ್ದು, ಮಿಡತೆ ಮಿಸುಕಿದ್ದು ಕಣ್ಣಿಗೆ ಬೀಳುವ ಮೊದಲೇ ಅದಕ್ಕೆ ಗೊತ್ತಾಗಬಲ್ಲದು. ನೆಲಕ್ಕೆ ಇಷ್ಟು ಹತ್ತಿರ ಹಾರುವುದರ ಗುಟ್ಟು ಅದೇ. ಹದ್ದು ಎತ್ತರದಿಂದ ನೋಡಿ ಎರಗಿದರೆ ಸೆಳೆವ ಆಲಿಸುತ್ತ ಸಾಗಿ ತಟ್ಟನೆ ಹಿಂದಕ್ಕೆ ಮಗುಚಿ ಹುಲ್ಲಿನೊಳಗೆ ಬೀಳುತ್ತದೆ.

ಈ ಹಕ್ಕಿಗಳು ಮೊಟ್ಟೆಯೊಡೆದು ಹೊರಬಂದದ್ದು ಕಜಾಕ್‌ಸ್ತಾನದ ಅಥವಾ ದಕ್ಷಿಣ ರಷ್ಯಾದ ಸ್ಟೆಪ್ಪಿ ಹುಲ್ಲುಗಾವಲಿನಲ್ಲಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಭಾರತಕ್ಕೆ ಬಂದು ಮಾರ್ಚ್-ಏಪ್ರಿಲ್ ಹೊತ್ತಿಗೆ ಮರಳುತ್ತವೆ. ವರ್ಷದ ಸುಮಾರು ಅರ್ಧ ಭಾಗ ಕಳೆಯುವುದು ಇಲ್ಲೇ. ಇಂಥ ಹಕ್ಕಿಯನ್ನು ‘ವಿದೇಶಿ ಅತಿಥಿ’ ಎಂದು ಬರೆಯುವುದು ಪತ್ರಿಕೆಗಳ ವಾಡಿಕೆ. ಅರ್ಧ ವರ್ಷ ಇಲ್ಲಿಯ ಮಿಡತೆ ತಿಂದು, ಇಲ್ಲಿಯ ಹುಲ್ಲಿನಲ್ಲಿ ಮಲಗಿ, ಇಲ್ಲಿಯ ಔಷಧಿ ಸಿಂಪಡಣೆಗೆ ಮೈಯೊಡ್ಡುವ ಜೀವವನ್ನು ಅತಿಥಿ ಎಂದು ದೂರವಿಡುವುದು ಸರಿಯಲ್ಲ.

ಬೇಟೆಹಕ್ಕಿಗಳತ್ತ ಕಣ್ಣುನೆಟ್ಟು ನೋಡಿದ್ದು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಹೊಸತೇನಲ್ಲ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ಮೂರನೇ ದಶಕದ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಆನೆ, ಮೀನು, ಬೇಟೆಯ ಮೃಗಗಳ ಜೊತೆಗೆ ಡೇಗೆಗಳನ್ನು ಪಳಗಿಸಿ ಬೇಟೆಗೆ ಬಿಡುವ ವಿನೋದಕ್ಕೂ ಜಾಗವಿದೆ. ರಾಜನಿಗೆ ಅದು ಆಟವಾಗಿತ್ತು, ನಿಜ. ಆದರೂ ಹಕ್ಕಿಯ ಜಾತಿ, ಆಹಾರ, ಸ್ವಭಾವಗಳನ್ನು ಗಮನಿಸಿ ಬರೆದಿಡಬೇಕೆಂಬ ಬುದ್ಧಿ ಈ ನೆಲದಲ್ಲಿ ಒಂಬತ್ತು ಶತಮಾನಗಳ ಹಿಂದೆಯೇ ಇತ್ತು. ಆಮೇಲೆ ಕಲ್ಯಾಣ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು. ಸಲೀಂ ಅಲಿ 1931-32ರಲ್ಲಿ ಆ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು. ಅದರ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕೆಯಲ್ಲಿ ಕಂತುಗಳಾಗಿ ಬಂತು. ದಖ್ಖನಿನ ಈ ಭಾಗದ ಹಕ್ಕಿಗಳ ಬಗ್ಗೆ ಆಧುನಿಕ ವಿಜ್ಞಾನದ ಮೊದಲ ಕ್ರಮಬದ್ಧ ದಾಖಲೆಗಳಲ್ಲಿ ಅದೂ ಒಂದು.

ಭೂಪಟದ ಮೇಲೆ ಬೆರಳು ಸಲೀಸಾಗಿ ಸರಿಯುತ್ತದೆ. ಹಕ್ಕಿಗೆ ಅಷ್ಟು ಸಲೀಸಲ್ಲ. 77ರ ಗೆರೆ ಹಿಮಾಲಯವನ್ನೂ ಕಾರಕೋರಂ ಪರ್ವತಗಳನ್ನೂ ಅವುಗಳ ಅತ್ಯಂತ ಒರಟು ಭಾಗದಲ್ಲಿ ಕತ್ತರಿಸುತ್ತದೆ. ಆ ಗೋಡೆಯ ಹಿಂದೆ ತಕ್ಲಮಕಾನ್ ಮರುಭೂಮಿ, ಅದರ ಹಿಂದೆ ತಿಯಾನ್‌ಶಾನ್ ಎಂಬ ಮತ್ತೊಂದು ಗೋಡೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ದಕ್ಷಿಣ ಭಾರತದಲ್ಲಿ ಸೆಳೆವಗಳ ಬೆನ್ನಿಗೆ ಪುಟ್ಟ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಅವುಗಳ ದಾರಿಯನ್ನು ಹಿಂಬಾಲಿಸಿದ್ದಾರೆ. ಹಕ್ಕಿಗಳು ಪರ್ವತಗಳನ್ನು ಬಲಕ್ಕೆ ಬಿಟ್ಟು, ವಾಯವ್ಯಕ್ಕೆ ತಿರುಗಿ, ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನದ ಮೇಲೆ ಸಾಗಿ ಮಧ್ಯ ಏಷ್ಯಾದ ಬಯಲು ಸೇರುತ್ತವೆ. ಗಡಿ ಮುಚ್ಚಿರಲಿ, ಯುದ್ಧ ನಡೆದಿರಲಿ, ದಾರಿ ಅದೇ. ದೊಡ್ಡ ಹದ್ದುಗಳು ಬಿಸಿಗಾಳಿಯ ಸುಳಿಯಿಲ್ಲದೆ ದೂರ ಹೋಗಲಾರವು. ಸೆಳೆವಕ್ಕೆ ಹಗುರ ಮೈ ಮತ್ತು ಉದ್ದ ರೆಕ್ಕೆ ಇರುವುದರಿಂದ ಬೀಸಿಕೊಂಡೂ ಹಾರಬಲ್ಲದು, ತೇಲಿಕೊಂಡೂ ಹೋಗಬಲ್ಲದು.

ಗೋಡೆಯನ್ನು ಸುತ್ತದೆ ಹತ್ತಿಯೇ ದಾಟುವ ಹಕ್ಕಿಯೂ ಇದೆ: ಪಟ್ಟೆತಲೆ ಹೆಬ್ಬಾತು. ಬೀದರ್ ಜಿಲ್ಲೆಯ ಕಾರಂಜಾ ಜಲಾಶಯ ಮಾಂಜ್ರಾದ ಉಪನದಿಯೊಂದಕ್ಕೆ ಕಟ್ಟಿದ ಅಣೆಕಟ್ಟಿನಿಂದಾದದ್ದು, ಸಾಮರ್ಥ್ಯ ಏಳೂವರೆ ಟಿಎಂಸಿಗೂ ತುಸು ಹೆಚ್ಚು. ಚಳಿಗಾಲದಲ್ಲಿ ಅದರ ಹಿನ್ನೀರು ಇಳಿದು ಕೆಸರಿನ ದಂಡೆ ಬಿಚ್ಚಿಕೊಳ್ಳುತ್ತದೆ. ಆಗ ಅಲ್ಲಿ ಈ ಹೆಬ್ಬಾತುಗಳು, ಹಳಗನ್ನಡ ಕಾವ್ಯದ ಜಕ್ಕವಕ್ಕಿಗಳು, ಡೆಮೊಸೆಲ್ ಕೊಕ್ಕರೆಗಳು ಇಳಿಯುತ್ತವೆ. ಹೆಬ್ಬಾತು ಮರಿ ಮಾಡುವುದು ಲಡಾಖ್, ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಿಗೆ ಬಣ್ಣದ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಂದಲೇ ಹೆಸರಾಗಿದೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣದ ಮಾನ್ಯತೆಯೂ ಸಿಕ್ಕಿತು.

ಈ ಹೆಬ್ಬಾತು ಎವರೆಸ್ಟ್ ಶಿಖರದ ಮೇಲೆ ಹಾರುತ್ತದೆಂಬ ಮಾತು ಬಹುಕಾಲ ಪುಸ್ತಕಗಳಲ್ಲಿತ್ತು. ಟ್ರಾನ್ಸ್‌ಮಿಟರ್ ಕಟ್ಟಿ ಅಳೆದಾಗ ಸಿಕ್ಕ ಚಿತ್ರ ಬೇರೆ. ದಾಖಲಾದ ಗರಿಷ್ಠ ಎತ್ತರ ಸುಮಾರು 7,290 ಮೀಟರ್, ಬಹುಪಾಲು ಹಾರಾಟ ಅದಕ್ಕಿಂತ ಎಷ್ಟೋ ಕೆಳಗೆ. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅವುಗಳ ಎದೆಬಡಿತವನ್ನೂ ಅಳೆದು, ಅವು ಒಮ್ಮೆ ಮೇಲೇರಿ ಅಲ್ಲೇ ಉಳಿಯುವುದಿಲ್ಲ ಎಂದು ತೋರಿಸಿತು. ಕಣಿವೆ ಬಂದಲ್ಲಿ ಇಳಿಯುತ್ತವೆ, ಬೆಟ್ಟ ಬಂದಲ್ಲಿ ಏರುತ್ತವೆ. ಏರಿಳಿತದಿಂದ ಶ್ರಮ ಹೆಚ್ಚಾಗಬೇಕಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ ಮೇಲೆ ಗಾಳಿ ತೆಳುವಾದಷ್ಟೂ ರೆಕ್ಕೆಬಡಿತದ ಖರ್ಚು ಏರುತ್ತದೆ, ಆದ್ದರಿಂದ ಕೆಳಗಿನ ದಟ್ಟ ಗಾಳಿಗೆ ಮತ್ತೆ ಮತ್ತೆ ಇಳಿಯುವುದೇ ಲಾಭ. ರಾತ್ರಿ ಮತ್ತು ನಸುಕಿನ ತಣ್ಣನೆಯ ಗಾಳಿಯೂ ದಟ್ಟವಾಗಿರುತ್ತದೆ, ಅವು ಹೆಚ್ಚಾಗಿ ಹಾರುವುದೂ ಆಗಲೇ. ಜೊತೆಗೆ ಅವುಗಳ ರಕ್ತದ ಹಿಮೋಗ್ಲೋಬಿನ್ ಬಯಲುಸೀಮೆಯ ಬಾತುಗಳಿಗಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಆ ಪ್ರೋಟೀನಿನ ಒಂದೆರಡು ಕೊಂಡಿಗಳಲ್ಲಾದ ಸಣ್ಣ ಬದಲಾವಣೆ ಹಿಮಾಲಯವನ್ನು ದಾಟಿಸುತ್ತದೆ.

ಜೋಳ ಬೆಳೆಯುವ ರೈತರಿಗೆ ಈ ಯಾವ ಹಕ್ಕಿಗಿಂತಲೂ ಚೆನ್ನಾಗಿ ಪರಿಚಯವಿರುವುದು ಗುಲಾಬಿ ಕಬ್ಬಕ್ಕಿ. ಗಡಿಯಾಚೆಯ ಮರಾಠಿಯಲ್ಲಿ ಅದು ಭೋರಡಿ. ತಲೆ, ರೆಕ್ಕೆ, ಬಾಲ ಹೊಳೆಯುವ ಕಪ್ಪು, ಮೈಯೆಲ್ಲ ತಿಳಿ ಗುಲಾಬಿ. ಒಂದೊಂದಾಗಿ ಬರುವ ಹಕ್ಕಿಯಲ್ಲ ಇದು. ನೂರಾರು, ಕೆಲವೊಮ್ಮೆ ಸಾವಿರಾರು ಒಟ್ಟಾಗಿ ಬಂದು, ಹಾಲುದುಂಬಿದ ತೆನೆಯ ಮೇಲೆ ಕೂತು, ಕವಣೆ ಬೀಸಿದ ಸದ್ದಿಗೆ ಒಮ್ಮೆಲೇ ಎದ್ದು, ಒಂದು ಸುತ್ತು ಹೊಡೆದು ಮತ್ತೆ ಅದೇ ಹೊಲದ ಇನ್ನೊಂದು ಮೂಲೆಗೆ ಇಳಿಯುತ್ತವೆ. ಸೀತನಿ ತಿನ್ನುವ ಕಾಲದಲ್ಲಿ ಹೊಲದ ನಡುವೆ ಅಟ್ಟಣಿಗೆ ಕಟ್ಟಿ, ಬೆಳಗ್ಗೆ ಬೆಳಕು ಹರಿಯುವ ಮುಂಚೆಯೇ ಹಕ್ಕಿ ಕಾಯಲು ಮನೆಯವರಲ್ಲೊಬ್ಬರು ಹೋಗುತ್ತಿದ್ದದ್ದು ಮುಖ್ಯವಾಗಿ ಇಂಥ ಹಿಂಡುಗಳ ಕಾಟಕ್ಕೆ. ತಗಡು ಬಡಿಯುವುದು, ಕೂಗುವುದು, ಕವಣೆ ಬೀಸುವುದು ಎಲ್ಲವೂ ಆ ಕೆಲಸದ ಭಾಗ.

ಅದೇ ಹಕ್ಕಿ ಮೇ-ಜೂನ್ ತಿಂಗಳಲ್ಲಿ ಎಲ್ಲಿರುತ್ತದೆ? ಕಜಾಕ್‌ಸ್ತಾನ, ಚೀನಾದ ಷಿನ್‌ಜಿಯಾಂಗ್ ಮತ್ತು ಸುತ್ತಲಿನ ಸ್ಟೆಪ್ಪಿಯಲ್ಲಿ, ಕಲ್ಲುಗಳ ಸಂದಿಯಲ್ಲಿ ಸಾವಿರಾರು ಗೂಡು ಹೂಡಿಕೊಂಡು. ಅಲ್ಲಿ ಅದರ ಆಹಾರ ಮಿಡತೆ. ಮಿಡತೆಯ ಹಾವಳಿ ಹೆಚ್ಚಿದ ವರ್ಷ ಹಕ್ಕಿಗಳೂ ಹೆಚ್ಚು, ಮಿಡತೆ ಇಲ್ಲದ ಕಡೆ ಅವು ಗೂಡನ್ನೇ ಕಟ್ಟುವುದಿಲ್ಲ. ಮಿಡತೆಮರಿಗಳು ಕುಪ್ಪಳಿಸುವ ಕೆಲವೇ ವಾರಗಳೊಳಗೆ ಮೊಟ್ಟೆ, ಮರಿ, ಹಾರಾಟ ಎಲ್ಲ ಮುಗಿಸಿ, ಜುಲೈ-ಆಗಸ್ಟಿನಲ್ಲೇ ಭಾರತದತ್ತ ಹೊರಟುಬಿಡುತ್ತವೆ. ಒಂದು ಹಕ್ಕಿ ದಿನಕ್ಕೆ ನೂರಕ್ಕೂ ಹೆಚ್ಚು ಮಿಡತೆ ತಿನ್ನುತ್ತದೆಂಬ ಲೆಕ್ಕವಿದೆ. ಷಿನ್‌ಜಿಯಾಂಗಿನಲ್ಲಿ 1980ರ ದಶಕದಿಂದ ಇವುಗಳಿಗಾಗಿಯೇ ಕಲ್ಲು-ಇಟ್ಟಿಗೆಯ ಗೂಡುಮನೆಗಳನ್ನು ಕಟ್ಟಿಕೊಡುತ್ತಿದ್ದಾರೆ, ಔಷಧಿಯ ಖರ್ಚು ಉಳಿಯಲೆಂದು. 2018ರಲ್ಲಿ ಅಲ್ಲಿಯ ನಿಲ್ಕಾ ಎಂಬಲ್ಲಿ ಹೆದ್ದಾರಿ ಕಾಮಗಾರಿಗಾಗಿ ರಾಶಿ ಹಾಕಿದ್ದ ಕಲ್ಲುಗಳಲ್ಲಿ ಈ ಹಕ್ಕಿಗಳು ಗೂಡು ಮಾಡಿದ್ದರಿಂದ, ಮರಿಗಳು ಹಾರುವವರೆಗೆ ಕೆಲಸವನ್ನೇ ನಿಲ್ಲಿಸಿದ್ದರು.

ಅಲ್ಲಿ ಮನೆ ಕಟ್ಟಿಸಿಕೊಳ್ಳುವ ಹಕ್ಕಿ ಇಲ್ಲಿ ಕವಣೆಕಲ್ಲು ತಿನ್ನುತ್ತದೆ. ಇದರಲ್ಲಿ ರೈತರನ್ನು ದೂರುವಂಥದ್ದೇನೂ ಇಲ್ಲ. ತೆನೆ ಹೋದರೆ ಹೋಗುವುದು ಅವರ ರೊಟ್ಟಿ. ಇಲ್ಲಿಯೂ ಅದು ಕಾಳಿಗಷ್ಟೇ ಬರುವುದಲ್ಲ ಎಂಬುದು ಮಾತ್ರ ನೆನಪಿರಬೇಕು. ದನಗಳ ಕಾಲ ಹಿಂದೆ ಹಿಂಡಾಗಿ ನಡೆಯುತ್ತ ಹುಲ್ಲಿನಿಂದೇಳುವ ಮಿಡತೆ ಹಿಡಿಯುತ್ತದೆ. ಮುತ್ತುಗ ಮತ್ತು ಬೂರುಗ ಹೂಬಿಟ್ಟಾಗ ಮಕರಂದಕ್ಕೆ ಮುತ್ತಿ ಪರಾಗಸ್ಪರ್ಶಕ್ಕೂ ನೆರವಾಗುತ್ತದೆ. ಜೋಳದ ಕ್ಷೇತ್ರ ಕಡಿಮೆಯಾಗಿ ಸೋಯಾ, ಕಬ್ಬು ಹೆಚ್ಚಿದ ಊರುಗಳಲ್ಲಿ ಅಟ್ಟಣಿಗೆಗಳೂ ಕಾಣೆಯಾಗುತ್ತಿವೆ. ಹಕ್ಕಿ ಕಾಯಲು ಜನ ಸಿಗದೆ ಜೋಳ ಬಿಟ್ಟವರೂ ಇದ್ದಾರೆ, ಜೋಳ ಬಿಟ್ಟ ಮೇಲೆ ಹಕ್ಕಿ ಕಾಯುವುದನ್ನು ಮರೆತವರೂ ಇದ್ದಾರೆ.

ಗೆರೆಯ ಆ ತುದಿಯ ಕತೆಯನ್ನೂ ಕೇಳಬೇಕು, ಏಕೆಂದರೆ ಅಲ್ಲಿ ನಡೆದದ್ದೆಲ್ಲ ಇಲ್ಲಿಯ ಆಕಾಶದಲ್ಲಿ ಲೆಕ್ಕಕ್ಕೆ ಬರುತ್ತದೆ. ಪವ್ಲೊದಾರ್ ಸುತ್ತಲಿನ ಸ್ಟೆಪ್ಪಿ ಒಂದು ಕಾಲಕ್ಕೆ ಕುರಿ, ಕುದುರೆ ಮತ್ತು ಅಲೆಮಾರಿಗಳ ನೆಲ. 1954ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ‘ಕನ್ನೆನೆಲ’ ಅಭಿಯಾನ ಆರಂಭಿಸಿದರು. ಆರೇ ವರ್ಷಗಳಲ್ಲಿ ಕಜಾಕ್‌ಸ್ತಾನವೊಂದರಲ್ಲೇ ಸುಮಾರು 2.5 ಕೋಟಿ ಹೆಕ್ಟೇರ್ ಹುಲ್ಲುಗಾವಲು ನೇಗಿಲಿಗೆ ಸಿಕ್ಕು ಗೋಧಿಯ ಹೊಲವಾಯಿತು. ಮೊದಲಿಗೆ ಬಂಪರ್ ಬೆಳೆ, 1960ರ ದಶಕದ ಆರಂಭದಲ್ಲಿ ಧೂಳಿನ ಬಿರುಗಾಳಿ. ಬೇರು ಕಿತ್ತ ಮೇಲ್ಮಣ್ಣು ಹಾರಿಹೋಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದಾಗ ಸಾಮೂಹಿಕ ಫಾರ್ಮುಗಳೂ ಮುಚ್ಚಿ, ಲಕ್ಷಾಂತರ ಹೆಕ್ಟೇರ್ ಪಾಳು ಬಿತ್ತು. ಪಾಳಿನ ಮೇಲೆ ನಿಧಾನವಾಗಿ ಹುಲ್ಲು ಮರಳಿತು, ಹುಲ್ಲಿನ ಹಿಂದೆ ಹಕ್ಕಿ. ಮನುಷ್ಯರಿಗೆ ಅದು ಸಂಕಟದ ಕಾಲವಾಗಿತ್ತು ಎಂಬುದನ್ನು ಮರೆಯದೆಯೇ ಇದನ್ನು ಹೇಳಬೇಕು.

ಈ ಸ್ಟೆಪ್ಪಿಯಲ್ಲಿ ಸೆಳೆವದ ಕೆಳಗೆ ಮೇಯುವ ಪ್ರಾಣಿ ಸೈಗಾ. ಇಳಿಬಿದ್ದ ಡುಬ್ಬ ಮೂಗಿನ ಜಿಂಕೆಯಂಥ ಪ್ರಾಣಿ. ಆ ಮೂಗು ಬೇಸಿಗೆಯಲ್ಲಿ ಧೂಳನ್ನು ಸೋಸುತ್ತದೆ, ಚಳಿಯಲ್ಲಿ ಉಸಿರನ್ನು ಬೆಚ್ಚಗಾಗಿಸುತ್ತದೆ. ಇಲ್ಲಿ, ದಖ್ಖನಿನ ಬಯಲಿನಲ್ಲಿ, ಅದೇ ಸೆಳೆವದ ಕೆಳಗೆ ಮೇಯುವುದು ಕೃಷ್ಣಮೃಗ, ಉತ್ತರ ಕರ್ನಾಟಕದ ಮಾತಿನಲ್ಲಿ ಚಿಗರಿ. ಬೀದರ್ ಜಿಲ್ಲೆಯ ಬಯಲು ಮತ್ತು ಹೊಲಗಳಲ್ಲಿ ಚಿಗರಿಗಳ ಹಿಂಡುಗಳು ಇಂದಿಗೂ ಇವೆ. ಎರಡೂ ಬಯಲಿನ ಪ್ರಾಣಿಗಳು, ಎರಡಕ್ಕೂ ಓಟವೇ ರಕ್ಷಣೆ. ಎರಡರಲ್ಲೂ ಕೋಡಿರುವುದು ಸಾಮಾನ್ಯವಾಗಿ ಗಂಡಿಗೆ. ಸೈಗಾದ ಕೋಡಿಗೆ ಚೀನೀ ಔಷಧದ ಮಾರುಕಟ್ಟೆಯಲ್ಲಿ ಬೆಲೆಯಿದ್ದುದರಿಂದ 1990ರ ದಶಕದಲ್ಲಿ ಗಂಡುಗಳ ಬೇಟೆ ವಿಪರೀತವಾಯಿತು.

2015ರ ಮೇ ತಿಂಗಳಲ್ಲಿ ಮಧ್ಯ ಕಜಾಕ್‌ಸ್ತಾನದಲ್ಲಿ ಮರಿಹಾಕಲು ಗುಂಪುಗೂಡಿದ್ದ ಸೈಗಾಗಳು ಇದ್ದಕ್ಕಿದ್ದಂತೆ ಬೀಳತೊಡಗಿದವು. ಸುಮಾರು ಮೂರು ವಾರಗಳಲ್ಲಿ ಸತ್ತವು ಎರಡು ಲಕ್ಷಕ್ಕೂ ಹೆಚ್ಚು. ಆಗ ಜಗತ್ತಿನಲ್ಲಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಷ್ಟರಲ್ಲಿ ಮುಗಿದವು. ಕಾರಣ ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯ. ಮೋರಖಂಡಿಯಲ್ಲಿ ಎಮ್ಮೆ ಸಾಕಿದವರಿಗೆ ಈ ಹೆಸರು ಗೊತ್ತಿಲ್ಲದಿದ್ದರೂ ರೋಗ ಗೊತ್ತು. ದನ-ಎಮ್ಮೆಗಳಿಗೆ ಮಳೆಗಾಲಕ್ಕೆ ಮುಂಚೆ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸುವ ಗಂಟಲುಬೇನೆ, ಅಂದರೆ ಗಳಲೆರೋಗಕ್ಕೆ ಕಾರಣವೂ ಇದೇ ಬ್ಯಾಕ್ಟೀರಿಯ. ಆರೋಗ್ಯವಂತ ಸೈಗಾಗಳ ಗಂಟಲಲ್ಲೇ ತೆಪ್ಪಗೆ ಇರುತ್ತಿದ್ದ ಅದು, ಆ ಋತುವಿನ ಎಂದಿಲ್ಲದ ಶೆಕೆ ಮತ್ತು ತೇವದಲ್ಲಿ ಕೆರಳಿತೆಂದು ವಿಜ್ಞಾನಿಗಳು ತೀರ್ಮಾನಿಸಿದರು. ಇಷ್ಟಾದರೂ ಸೈಗಾ ಉಳಿಯಿತು. ಬೇಟೆ ನಿಲ್ಲಿಸಿ, ದೊಡ್ಡ ವಿಸ್ತಾರದ ಸ್ಟೆಪ್ಪಿಯನ್ನು ಕಾಯ್ದುಕೊಟ್ಟದ್ದಕ್ಕೆ ಅದು ವೇಗವಾಗಿ ಹೆಚ್ಚಿತು. 2023ರ ಡಿಸೆಂಬರಿನಲ್ಲಿ ಐಯುಸಿಎನ್ ಅದನ್ನು ತೀವ್ರ ಅಪಾಯದ ಪಟ್ಟಿಯಿಂದ ಕೆಳಗಿಳಿಸಿತು. ನೆಲ ಬಿಟ್ಟುಕೊಟ್ಟರೆ ಬಯಲಿನ ಪ್ರಾಣಿ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸದ್ಯಕ್ಕೆ ಇಲ್ಲ.

ಮತ್ತೆ ಈ ತುದಿಗೆ. ಸಂಜೆ ಸೂರ್ಯ ಇಳಿಯುವ ಹೊತ್ತಿಗೆ ಸೆಳೆವಗಳು ಹತ್ತಾರು ಕಿಲೋಮೀಟರ್ ಸುತ್ತಲಿಂದ ಒಂದೇ ಹುಲ್ಲುಗಾವಲಿಗೆ ಬಂದು ಸೇರುತ್ತವೆ. ಗಿಡುಗಗಳಂತೆ ಮರ ಹತ್ತುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತವೆ. ಹುಟ್ಟಿದ ನೆಲದಲ್ಲಿ ಮರಗಳಿಲ್ಲ, ಆ ರೂಢಿ ಇಲ್ಲಿಗೂ ಬಂದಿದೆ. ಜಗತ್ತಿನ ಅತಿ ದೊಡ್ಡ ಇಂಥ ರಾತ್ರಿತಂಗುದಾಣ ಗುಜರಾತಿನ ವೆಳಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನದಲ್ಲಿದೆ. 1990ರ ದಶಕದಲ್ಲಿ ಅಲ್ಲಿ ಒಂದೇ ಸಂಜೆ ಸಾವಿರಕ್ಕೂ ಮಿಕ್ಕಿ ಸೆಳೆವಗಳನ್ನು ಎಣಿಸಿದ್ದರು. ಅವು ಉಗುಳಿದ ಉಂಡೆಗಳನ್ನು ಬಿಡಿಸಿ ನೋಡಿದಾಗ ಸಿಕ್ಕಿದ್ದು ಬಹುತೇಕ ಮಿಡತೆಗಳ ಕಾಲು, ದವಡೆ. ದಖ್ಖನಿನ ಚಿತ್ರ ಇಷ್ಟು ಹಿತವಾಗಿಲ್ಲ. ಆಂಧ್ರದ ರೊಳ್ಳಪಾಡು ಅಭಯಾರಣ್ಯದಲ್ಲಿ 1980ರ ದಶಕದ ನಡುವಿನಲ್ಲಿ ಸಾವಿರಕ್ಕೂ ಹೆಚ್ಚು ಸೆಳೆವಗಳು ಸೇರುತ್ತಿದ್ದವು. 2016ರ ಹೊತ್ತಿಗೆ ಉಳಿದದ್ದು ನೂರಕ್ಕಿಂತ ಕಡಿಮೆ.

ಕಾರಣಗಳಲ್ಲೊಂದನ್ನು ಅರಿಯಲು ಅರ್ಜೆಂಟೀನಾದ ಕಡೆ ನೋಡಬೇಕು. ಉತ್ತರ ಅಮೆರಿಕದ ಸ್ವೇನ್ಸನ್ ಗಿಡುಗ ಚಳಿಗಾಲದಲ್ಲಿ ಅರ್ಜೆಂಟೀನಾದ ಬಯಲಿಗೆ ಹೋಗಿ, ಸೆಳೆವದಂತೆಯೇ ಮಿಡತೆ ತಿಂದು ಬದುಕುತ್ತದೆ. ಅಮೆರಿಕದ ವಿಜ್ಞಾನಿಗಳು ಹಕ್ಕಿಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಆ ಜಾಡಿನಲ್ಲಿ ಅಲ್ಲಿಗೆ ಹೋದಾಗ ಕಂಡದ್ದು ಹೊಲಗಳಲ್ಲಿ ಬಿದ್ದ ಗಿಡುಗಗಳ ಹೆಣ. 1995-96ರ ಒಂದೇ ಋತುವಿನಲ್ಲಿ ಸಾವಿರಾರು ಸತ್ತಿದ್ದವು. ಮಿಡತೆ ಕೊಲ್ಲಲು ಸಿಂಪಡಿಸಿದ್ದ ಮೋನೋಕ್ರೋಟೋಫಾಸ್ ಅವನ್ನು ಕೊಂದಿತ್ತು. ತೊಗರಿ ಮತ್ತು ಹತ್ತಿ ಬೆಳೆದ ಕಲ್ಯಾಣ ಕರ್ನಾಟಕದ ರೈತರಿಗೆ ‘ಮೋನೋ’ ಅಪರಿಚಿತ ಹೆಸರಲ್ಲ. ಭಾರತದಲ್ಲಿ ತರಕಾರಿಗೆ ಅದರ ಬಳಕೆಯನ್ನು 2005ರಲ್ಲೇ ನಿಷೇಧಿಸಲಾಯಿತು. ಬಹುವಾಗಿ ಬಳಕೆಯಲ್ಲಿದ್ದ ಶೇ 36ರ ದ್ರಾವಣಕ್ಕೆ ನಿಷೇಧದ ಆದೇಶ ಬಂದದ್ದು 2023ರಲ್ಲಿ. ಅರ್ಜೆಂಟೀನಾದಲ್ಲಿ ಕಾರಣ ತಿಳಿದ ಕೆಲವೇ ವರ್ಷಗಳಲ್ಲಿ ಅದರ ಬಳಕೆ ನಿಂತಿತು, ಗಿಡುಗಗಳ ಸಾಮೂಹಿಕ ಸಾವೂ ನಿಂತಿತು.

ಔಷಧಿಗಿಂತ ದೊಡ್ಡ ಕಾರಣ ನೆಲದ್ದು. ಮಡ್ಡಿಯನ್ನೂ ದನ ಮೇಯುವ ಗಾಯರಾಣವನ್ನೂ ಸರ್ಕಾರಿ ಕಾಗದಗಳು ನೋಡುವ ಬಗೆಯೇ ಬೇರೆ. ಕೇಂದ್ರ ಭೂ ಸಂಪನ್ಮೂಲ ಇಲಾಖೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ಸೇರಿ ಹೊರತರುವ ಪಾಳುಭೂಮಿ ನಕ್ಷೆಗಳಲ್ಲಿ ಕುರುಚಲು ಬಯಲಿನ ಬಹುಭಾಗ ಪಾಳು ಎಂದೇ ನಮೂದಾಗಿದೆ. ಪಾಳು ಎಂದ ಮೇಲೆ ಅದನ್ನು ‘ಸದ್ಬಳಕೆ’ ಮಾಡಬೇಕಲ್ಲ. ಹಾಗಾಗಿ ಒಂದು ಕಡೆ ನೀಲಗಿರಿ, ಅಕೇಶಿಯಾ ನೆಡುತೋಪು, ಇನ್ನೊಂದು ಕಡೆ ಕಲ್ಲು ಗಣಿ, ಮತ್ತೊಂದು ಕಡೆ ಸೌರ ಫಲಕ. ಕುರಿ ಮೇಯಿಸುವವರು, ದೇವಣಿ ಹಸು ಸಾಕುವವರು ಆ ನೆಲವನ್ನು ಎಂದೂ ಪಾಳು ಎಂದವರಲ್ಲ. ಮೇವು ಎಲ್ಲಿ ಯಾವ ತಿಂಗಳು ಸಿಗುತ್ತದೆಂಬುದು ಅವರಿಗೆ ಗೊತ್ತು.

ಹುಲ್ಲುಗಾವಲಿನಲ್ಲಿ ಮರ ನೆಡುವುದು ಪರಿಸರ ಸೇವೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಹುಮನಾಬಾದಿನ ಆಗ್ನೇಯಕ್ಕೆ ಚಿಂಚೋಳಿ ವನ್ಯಜೀವಿ ಧಾಮವಿದೆ, 2011ರಲ್ಲಿ ಘೋಷಣೆಯಾದ ಒಣಭೂಮಿಯ ಕಾಡು. ಅಲ್ಲಿ ಮರಗಳಿರುವುದು ಸಹಜ, ಅವನ್ನು ಉಳಿಸಿಕೊಳ್ಳಬೇಕಾದದ್ದೂ ನ್ಯಾಯ. ಆದರೆ ತೆಳು ಜಂಬಿಟ್ಟಿಗೆಯ ಮಡ್ಡಿಯ ಮೇಲೆ ಸಾಲಾಗಿ ಗುಂಡಿ ತೋಡಿ ನೆಟ್ಟ ಗಿಡ ಕಾಡಾಗುವುದಿಲ್ಲ, ಹುಲ್ಲನ್ನು ಮಾತ್ರ ಕೊಲ್ಲುತ್ತದೆ. ಗಿಡ ಬೆಳೆದರೆ ಸೆಳೆವಕ್ಕೆ ಮಲಗಲು ಜಾಗವಿಲ್ಲ, ಚಿಗರಿಗೆ ಓಡಲು ಬಯಲಿಲ್ಲ. ಅಂಥ ಜಾಗದಲ್ಲಿ ಏನನ್ನೂ ನೆಡದಿರುವುದೇ ಸರಿಯಾದ ಕೆಲಸ.

ದಾರಿಯೊಂದಿದೆ, ಅದೂ ಊರಿನ ಕೈಯಲ್ಲೇ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅನೇಕ ಕಡೆ ಅದು ಕಡತವಾಗಿ ಉಳಿದಿದೆ. ಮಡ್ಡಿಯ ಸರ್ವೆ ನಂಬರಿನ ಪಕ್ಕದಲ್ಲಿ ಇಂಥ ಹುಲ್ಲು, ಇಂಥ ತಿಂಗಳಲ್ಲಿ ಇಂಥ ಹಕ್ಕಿ ಎಂದು ಅದರಲ್ಲಿ ಬರೆದರೆ, ನಾಳೆ ಆ ನೆಲವನ್ನು ಬೇರೆಯದಕ್ಕೆ ಕೊಡುವ ಮಾತು ಬಂದಾಗ ಊರಿನ ಕೈಯಲ್ಲೊಂದು ಕಾಗದವಿರುತ್ತದೆ. ಬರೆಯಬಲ್ಲವರು ಕುರಿಗಾಹಿಗಳು, ಶಾಲೆಯ ಮೇಷ್ಟ್ರು, ಹಕ್ಕಿ ಕಾಯ್ದ ಅನುಭವವುಳ್ಳ ಹಿರಿಯರು.

ಹೊರಗಿನಿಂದ ನೋಡಲು ಬರುವವರೂ ಈ ಕೆಲಸಕ್ಕೆ ಕೈಹಾಕಬಹುದು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬನ್ನಿ. ಬಸವಕಲ್ಯಾಣದ ಕೋಟೆ, ಅನುಭವ ಮಂಟಪ ನೋಡಿ, ಅರ್ಧ ದಿನ ಮಡ್ಡಿಗೆ ಇಟ್ಟುಕೊಳ್ಳಿ, ಇನ್ನರ್ಧ ದಿನ ಕಾರಂಜಾ ಹಿನ್ನೀರಿಗೆ. ಕೆಸರಿನಂಚಿನಲ್ಲಿ ಗುಬ್ಬಿಗಿಂತ ತುಸು ದೊಡ್ಡದಾಗಿ ಕಾಣುವ, ಬಿಡುವಿಲ್ಲದೆ ಕೊಕ್ಕಾಡಿಸುವ ಲಿಟ್ಲ್ ಸ್ಟಿಂಟ್ ಕಂಡರೆ ಒಂದು ನಿಮಿಷ ನಿಲ್ಲಿ. ಮೂವತ್ತು ಗ್ರಾಮಿನೊಳಗಿನ ಆ ಹಕ್ಕಿಯ ತವರು ಆರ್ಕ್‌ಟಿಕ್ ಅಂಚಿನ ತುಂಡ್ರಾ. ಹುಲ್ಲಿನ ಮೇಲೆ ಗಾಡಿ ಓಡಿಸಬೇಡಿ. ಸಂಜೆ ಸೆಳೆವಗಳು ಇಳಿಯುವ ಜಾಗಕ್ಕೆ ಫೋಟೊಗಾಗಿ ಹತ್ತಿರ ಹೋಗಬೇಡಿ, ಒಮ್ಮೆ ಎಬ್ಬಿಸಿದರೆ ಕತ್ತಲಲ್ಲಿ ಅವಕ್ಕೆ ಬೇರೆ ನೆಲೆಯಿಲ್ಲ. ಕಂಡದ್ದನ್ನು ತಾರೀಖು, ಜಾಗ, ಸಂಖ್ಯೆಯೊಂದಿಗೆ ಇ-ಬರ್ಡ್‌ನಲ್ಲಿ ದಾಖಲಿಸಿ, ಅದರದೇ ಒಂದು ಪ್ರತಿಯನ್ನು ಕನ್ನಡದಲ್ಲಿ ಬರೆದು ಆ ಊರಿನ ಪಂಚಾಯಿತಿಗೆ ಕೊಟ್ಟು ಹೋಗಿ.